ಇನ್ನೊಂದೇ ಒಂದು ರಿಪೇರಿ

ಫೆಬ್ರವರಿ 11

ತಮ್ಮನಿಗೆ,

ಫೋನು ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀಯ. ಈ ಗಾಡಿಮನೆಯಲ್ಲಿ ನಾನು ಒಲೆಯ ಹತ್ತಿರ ನಿಟ್ಟುಸಿರು ಬಿಟ್ಟರೆ ಹಾಸಿಗೆಯ ಹತ್ತಿರ ಕೇಳಿಸುತ್ತದೆ. ಫೋನಿನಲ್ಲಿ ಮಾತಾಡಿದರೆ ನಿಮ್ಮ ಭಾವ ಎರಡೂ ಕಡೆಯ ಮಾತು ಕೇಳಿಸಿಕೊಂಡು ನಡುವೆ ಉತ್ತರವನ್ನೂ ಕೊಡುತ್ತಾರೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಮೆಷಿನ್ ತಿರುಗುವಷ್ಟು ಹೊತ್ತು ನನಗೊಂದು ಬೆಂಚು ಸಿಗುತ್ತದೆ. ಅಲ್ಲಿ ಕೂತು ಬರೆಯುತ್ತಿದ್ದೇನೆ.

ಬಸ್ಸಿನ ನೌಕರಿ ಬಿಟ್ಟು, ಮನೆ ಮಾರಿ, ಕಾರಿನ ಹಿಂದೆ ಕಟ್ಟಿ ಎಳೆಯುವ ಈ ಕ್ಯಾರವಾನ್ ಕೊಂಡ ದಿನ ಇವರು ಹೇಳಿದ್ದು ನಿನಗೂ ನೆನಪಿರಬಹುದು. "ಇಷ್ಟು ವರ್ಷ ಊರವರನ್ನೆಲ್ಲ ಸುತ್ತಿಸ್ದೆ. ಇನ್ನು ಇವಳೊಬ್ಬಳನ್ನ ಸುತ್ತಿಸ್ತೀನಿ." ಅದಾಗಿ ಎರಡು ಚಳಿಗಾಲ ಕಳೆದವು. ಬಾಡಿಗೆಯ ಈ ಮೈದಾನದಿಂದ ಗಾಡಿ ಅಲ್ಲಾಡಿಲ್ಲ. ಅಲ್ಲಾಡುವುದಾದರೂ ಹೇಗೆ, ಚಕ್ರಗಳೇ ಇಲ್ಲ. ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂತಿದೆ. ಚಕ್ರಗಳು ಅದರ ಹೊಟ್ಟೆಯಡಿ ಟಾರ್ಪಾಲು ಹೊದ್ದು ಮಲಗಿವೆ. ಒಂದೇ ಕಡೆ ನಿಂತರೆ ಟೈರು ಹಾಳಾಗುತ್ತದೆಂದು ನೀನೇ ಹೇಳಿದೆಯಂತೆ.

ನಿನ್ನ ಹೆಸರು ಇಲ್ಲಿ ದಿನವೂ ಕೇಳಿಬರುತ್ತದೆ. ಮೊದಲು ನೀರಿನ ಪಂಪು ಅಂದೆಯಂತೆ, ಆಮೇಲೆ ಚಾರ್ಜರ್, ಆಮೇಲೆ ಬ್ರೇಕಿನ ಕೇಬಲ್. ಪ್ರತಿ ಸಲವೂ ಇವರದು ಒಂದೇ ಮಾತು: "ಇನ್ನೊಂದೇ ಒಂದು ರಿಪೇರಿ. ಅದಾದ್ರೆ ಹೊರಟ್ವಿ ಅಂತ್ಲೇ ತಿಳ್ಕೊ."

ಗಾಡಿ ರಿಪೇರಿ ನಿನ್ನ ಕಸುಬು, ಅದರಲ್ಲಿ ನಾನು ಎದುರಾಡುವುದಿಲ್ಲ. ಆದರೆ ಒಮ್ಮೆ ಕೂಡಿಸಿ ಹೇಳು. ಇದು ರಸ್ತೆಗೆ ಇಳಿಯಲು ಇನ್ನು ಏನೇನು ಆಗಬೇಕು? ಕಂತಿನಲ್ಲಿ ಬೇಡ, ಎಲ್ಲವನ್ನೂ ಒಟ್ಟಿಗೆ ಹೇಳು. ಬಾಗಿಲು ತೆರೆದರೆ ಅದೇ ನಲ್ಲಿ, ಅದೇ ಕರೆಂಟಿನ ಕಂಬ. ಗಾಡಿಗೆ ಕಿಟಕಿ ಇಡುವುದು ಊರು ಬದಲಾಗುವುದನ್ನು ನೋಡಲಿಕ್ಕೆ. ನಮ್ಮ ಕಿಟಕಿಯಲ್ಲಿ ಬದಲಾಗುವುದು ಪಕ್ಕದವರು ಒಣಹಾಕುವ ಬಟ್ಟೆ ಮಾತ್ರ.

ನನಗೆ ಈ ಗಾಡಿ ಉರುಳಬೇಕು.

ಅಕ್ಕ


ಫೆಬ್ರವರಿ 26

ಅಕ್ಕನಿಗೆ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಗಾಬರಿಯಾಯಿತು. ನಮ್ಮ ವರ್ಕ್‌ಶಾಪಿಗೆ ಈಗ ಕೈಬರಹದಲ್ಲಿ ಬರುವುದು ಜಗಳದ ನೋಟೀಸು ಮಾತ್ರ.

ನಿನ್ನ ಪ್ರಶ್ನೆಗೆ ಉತ್ತರ. ಚಕ್ರದ ಬೇರಿಂಗ್ ನೋಡಬೇಕು. ಡ್ರಮ್ ಬಿಚ್ಚಿ ಬ್ರೇಕ್ ಶೂ ಸವೆದಿದೆಯಾ ನೋಡಬೇಕು. ಟೈರಿನ ಗೆರೆ ಹೊಸದರಂತೆ ಕಂಡರೂ ವಯಸ್ಸು ನೋಡಬೇಕು, ರಬ್ಬರು ಓಡದಿದ್ದರೂ ಮುದಿಯಾಗುತ್ತದೆ. ಕಾರಿನ ಹಿಂದಿನ ಸಾಕೆಟ್ಟಿನಿಂದ ಗಾಡಿಗೆ ಬರುವ ವೈರುಗಳನ್ನು ಹೊಸದಾಗಿ ಎಳೆಯಬೇಕು. ಇಂಡಿಕೇಟರ್, ಬ್ರೇಕ್ ದೀಪ ಎಲ್ಲ ಅದರಲ್ಲೇ ಬರುವುದು. ಒಳಗಿನ ಬ್ಯಾಟರಿಯದು ಬೇರೆ ಕಥೆ.

ಇದೆಲ್ಲ ಒಂದು ದಿನದ ಕೆಲಸವಲ್ಲ. ಅವಸರ ಬೇಡ ಅಕ್ಕ. ನಿಂತ ಗಾಡಿ ಯಾರನ್ನೂ ಕೊಂದಿಲ್ಲ.

ಭಾವ ಹೇಗಿದ್ದಾರೆ? ಬಾಗಿಲಿನ ಮೆಟ್ಟಿಲ ಹತ್ತಿರ ಒಂದು ದೀಪ ಹಾಕಿಸು. ಮೆಟ್ಟಿಲಂಚಿಗೆ ಬಿಳಿ ಪಟ್ಟಿ ಅಂಟಿಸಿದರೆ ಇನ್ನೂ ಒಳ್ಳೆಯದು. ಇಬ್ಬರಿಗೂ ವಯಸ್ಸಾಯಿತಲ್ಲ.

ತಮ್ಮ


ಮಾರ್ಚ್ 17

ತಮ್ಮನಿಗೆ,

ದೀಪ ಹಾಕಿಸಿದೆ, ಬಿಳಿ ಪಟ್ಟಿಯನ್ನೂ ಅಂಟಿಸಿದೆ. ಮೂರು ಮೆಟ್ಟಿಲಿಗೆ ಇಷ್ಟೊಂದು ಮುತುವರ್ಜಿ ವಹಿಸುವವನು ನೀನೊಬ್ಬನೇ.

ನಿನ್ನ ಪತ್ರವನ್ನು ಬೇಕೆಂದೇ ಮೇಜಿನ ಮೇಲೆ ಬಿಟ್ಟಿದ್ದೆ. ಇವರು ಕಣ್ಣೆತ್ತಿಯೂ ನೋಡಲಿಲ್ಲ. ಅಕ್ಕ ತಮ್ಮಂದಿರ ನಡುವೆ ಬರಬಾರದೆಂಬ ದೊಡ್ಡತನ ಇರಬೇಕು. ಕೊನೆಗೆ ನಾನೇ "ಗಾಡಿ ವಿಷಯ ಬರೆದಿದಾನೆ, ಓದಿ" ಅಂದೆ. "ನೀನೇ ಓದು, ನನ್ ಕೈಯೆಲ್ಲ ಗ್ರೀಸು" ಅಂದರು. ಆಗಷ್ಟೇ ಸ್ನಾನ ಮಾಡಿ ಬಂದಿದ್ದರು. ಮೆಟ್ಟಿಲಿನ ಮಾತು ಬಿಟ್ಟು ಉಳಿದದ್ದನ್ನು ಓದಿದೆ. "ಹುಡುಗ ತಿಳಿದವನು" ಎಂದು ತಲೆಯಾಡಿಸಿದರು.

ಇನ್ನೊಂದು ಸುದ್ದಿ. ಇವರು ನನಗೆ ಪಾಠ ಶುರುಮಾಡಿದ್ದಾರೆ. ಮದುವೆಯಾದಾಗಿನಿಂದ ಫ್ಯೂಸು ಮುಟ್ಟಲು ಬಿಡದವರು ಈಗ ವೈರಿನ ಕಂತೆ ಹಿಡಿದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

"ಇದ್ಯಾವ ಬಣ್ಣ ಹೇಳು ನೋಡೋಣ?"

"ಹಳದಿ."

"ಹಳದಿ ಅಂದ್ರೆ?"

"ಎಡಗಡೆ ಇಂಡಿಕೇಟರ್."

"ಭೇಷ್. ಇದು?"

"ಬಿಳಿ. ಅರ್ತಿಂಗ್."

"ಪರವಾಗಿಲ್ವೇ! ಇಷ್ಟು ಜಾಣೆ ಅಂತ ಗೊತ್ತಿದ್ರೆ ಬಸ್ಸಿಗೇ ಕರ್ಕೊಂಡು ಹೋಗ್ತಿದ್ದೆ."

ಮೇಷ್ಟ್ರ ಹಾಗೆ ಒಂದೊಂದನ್ನೂ ಕೇಳುತ್ತಾರೆ, ನಾನು ಹೇಳಿದ ಮೇಲೆಯೇ ತಿರುಪು ಬಿಗಿಯುತ್ತಾರೆ. ಎಷ್ಟೋ ವರ್ಷಗಳ ಮೇಲೆ ನನ್ನನ್ನು ಏನಾದರೂ ಕೇಳುತ್ತಿದ್ದಾರಲ್ಲ ಎನ್ನಿಸಿ ಒಂದೆರಡು ದಿನ ನನ್ನ ಮನಸ್ಸು ಮೆತ್ತಗಾಗಿತ್ತು. ಆಮೇಲೆ ಲೆಕ್ಕ ಹಾಕಿದೆ. ಈ ವೇಗದಲ್ಲಿ ವೈರು ಮುಗಿಯುವಾಗ ಟೈರು ಮುದಿಯಾಗಿರುತ್ತದೆ, ಟೈರು ಬರುವಾಗ ಬೇರಿಂಗ್ ಹಿಡಿದುಕೊಂಡಿರುತ್ತದೆ. ಇದಕ್ಕೆ ಕೊನೆ ಇಲ್ಲ.

ನೀನೇ ಒಮ್ಮೆ ಬಂದು ಹೋಗಬಾರದೇ? ಒಂದು ವಾರ ಸಾಕು. ಊಟಕ್ಕೆ ಕೂತಾಗ ನಮ್ಮ ಮೂವರ ಮೊಣಕಾಲು ತಾಗುತ್ತದೆ, ಅಷ್ಟೇ ತೊಂದರೆ.

ಅಕ್ಕ


ಏಪ್ರಿಲ್ 22

ಅಕ್ಕನಿಗೆ,

ತಡವಾಯಿತು. ಇಲ್ಲಿ ಗಾಡಿ ಎತ್ತುವ ಲಿಫ್ಟ್ ಕೆಟ್ಟಿತ್ತು. ಕೆಲಸದವನೂ ಬಿಟ್ಟು ಹೋದ. ಈಗ ಬರಲು ಆಗುವುದಿಲ್ಲ.

ಒಳಗಿನ ಬ್ಯಾಟರಿ ಬದಲಾಯಿಸುವುದಾದರೆ ಲಿಥಿಯಂ ಹಾಕಿಸಿ, ಅರ್ಧ ಭಾರ, ಹೆಚ್ಚು ಬಾಳಿಕೆ. ಆದರೆ ಹಳೆಯ ಚಾರ್ಜರಿಗೆ ಅದು ಹೊಂದುವುದಿಲ್ಲ, ಅದನ್ನೂ ಬದಲಾಯಿಸಬೇಕು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ದೂರ ಇದ್ದರೆ ನಡುವಿನ ವೈರಿಗೆ ಕಾವಲಿಲ್ಲದಂತಾಗುತ್ತದೆ. ಇಷ್ಟು ಆಗುವತನಕ ಬೇರೆ ಯಾವುದಕ್ಕೂ ಕೈ ಹಾಕಬೇಡಿ.

ವೈರಿನ ಕೆಲಸ ಮಾಡುವಾಗ ನೀನು ಪಕ್ಕದಲ್ಲೇ ಇರು. ಬಣ್ಣ ನೀನೇ ನೋಡಿ ಹೇಳು. ಭಾವ ಒಬ್ಬರೇ ಮಾಡುತ್ತೇನೆ ಅಂದರೂ ಬಿಡಬೇಡ. ಇದು ಪಾಠ ಅಂತಲೇ ಇರಲಿ.

ಮೊಣಕಾಲಿನ ವಿಷಯ ಓದಿ ನಗು ಬಂತು. ಬೇಸಿಗೆಯಾದ ಮೇಲೆ ನೋಡೋಣ.

ತಮ್ಮ


ಮೇ 6

ತಮ್ಮನಿಗೆ,

ನಿನ್ನ ಬಾಯಿ ಹರಕೆ ಫಲಿಸಿತು. ನಾನು ತರಕಾರಿಗೆ ಹೋದಾಗ ಇವರು ಒಬ್ಬರೇ ಸಾಕೆಟ್ಟಿನ ಕೆಲಸ ಮುಗಿಸಿಬಿಟ್ಟಿದ್ದರು. ಸಂಜೆ ಕಾರನ್ನು ಹಿಂದಕ್ಕೆ ತಂದು ಪ್ಲಗ್ ಸಿಕ್ಕಿಸಿದೆವು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಒಟ್ಟಿಗೆ ಮಿಣುಕತೊಡಗಿದವು. ಬ್ರೇಕ್ ಒತ್ತಿದರೆ ಇನ್ನೊಂದು ಕುಣಿತ. ಪಕ್ಕದ ಗಾಡಿಯವರು ಹೊರಗೆ ಬಂದು "ಏನ್ ಸಾರ್, ಮದುವೆ ಮನೇನಾ?" ಎಂದು ಕೇಳಿದರು. ಇವರು ಸ್ಪ್ಯಾನರನ್ನು ನೆಲಕ್ಕೆಸೆದು ಒಳಗೆ ಹೋಗಿ ಮಲಗಿದರು. ಕತ್ತೆಯಂಥ ವೈರು, ದರಿದ್ರ ಕಂಪನಿ, ಎಲ್ಲ ಬಣ್ಣವನ್ನೂ ಒಂದೇ ತರಹ ಮಾಡಿ ಸಾಯಿಸುತ್ತಾರೆ ಎಂದು ಬೈದುಕೊಂಡರು.

ಮರುದಿನ ನಾನೇ ಬಿಚ್ಚಿ ನೋಡಿದೆ. ಹಳದಿ ಇರಬೇಕಾದಲ್ಲಿ ಬಿಳಿ, ಬಿಳಿ ಇರಬೇಕಾದಲ್ಲಿ ಹಳದಿ. ಒಂದು ಮಗುವೂ ಮಾಡದ ತಪ್ಪು. ಅಥವಾ, ಹೊರಡುವ ಮನಸ್ಸಿಲ್ಲದ ಮನುಷ್ಯ ಮಾಡುವ ತಪ್ಪು. ನನಗೆ ಈಗ ಅನುಮಾನ ಉಳಿದಿಲ್ಲ. ಇವರಿಗೆ ಹೋಗುವುದು ಬೇಕಿಲ್ಲ. ರಿಪೇರಿ ಬೇಕು. ಸರಿಮಾಡಿ ಮುಚ್ಚಿದೆ. ಈಗ ದೀಪಗಳು ಹೇಳಿದ ಹಾಗೆ ಕೇಳುತ್ತವೆ.

ಇನ್ನು ಬರೆಯುವುದು ನಿನ್ನಲ್ಲೇ ಇರಲಿ. ಮೈದಾನದ ಆಚೆ ಬದಿಯಲ್ಲಿ ಒಬ್ಬಳಿದ್ದಾಳೆ. ಕುದುರೆ ಸಾಗಿಸುವ ಟ್ರೈಲರ್ ಎಳೆಯುವವಳು, ಎಲ್ಲರೂ ಕುದುರೆಯಮ್ಮ ಅನ್ನುತ್ತಾರೆ. ಕುದುರೆ ಇಲ್ಲದ ದಿನ ಆ ಖಾಲಿ ಟ್ರೈಲರನ್ನು ನಮ್ಮ ಕಾರಿಗೆ ಕಟ್ಟಿ ನನಗೆ ಕಲಿಸುತ್ತಿದ್ದಾಳೆ. ಕಾರು ಹೇಗೂ ನನ್ನ ಕೈಯಲ್ಲೇ ಇದೆ. "ಬಸ್ಸು ಓಡ್ಸಿದೋನಿಗೆ ಇದು ಆಟದ ಸಾಮಾನು" ಎಂದು ಇವರು ಅದನ್ನು ಮುಟ್ಟುವುದೇ ಇಲ್ಲ. ಮುಂದಕ್ಕೆ ಹೋಗುವುದು ಸುಲಭ, ಅಗಲ ಮರೆಯದಿದ್ದರೆ ಸಾಕು. ಹಿಂದಕ್ಕೆ ತರುವಾಗ ಟ್ರೈಲರ್ ಹೋಗಬೇಕಾದ ಕಡೆಗಲ್ಲದೆ ಅದರ ಎದುರು ಕಡೆಗೆ ಸ್ಟೇರಿಂಗ್ ತಿರುಗಿಸಬೇಕು. "ಸಂಸಾರ ಮಾಡಿದೋಳಿಗೆ ಇದೇನ್ ಕಷ್ಟ ಬಿಡ್ರೀ" ಅನ್ನುತ್ತಾಳೆ ಅವಳು.

ನೀನು ಹೇಳಬೇಕಾದ ಒಂದು ಸಂಗತಿ ಇದೆ. ಗಾಡಿಯನ್ನು ಕಾರಿನ ಕೊಂಡಿಗೆ ಒಬ್ಬರೇ ಸಿಕ್ಕಿಸಬಹುದೇ? ಇನ್ನೊಬ್ಬರ ಸಹಾಯವಿಲ್ಲದೆ?

ಅಕ್ಕ


ಮೇ 30

ಅಕ್ಕನಿಗೆ,

ಸಿಕ್ಕಿಸಬಹುದು. ಗಾಡಿಯ ಮೂತಿಯಲ್ಲಿರುವ ಸಣ್ಣ ಚಕ್ರದ ಹಿಡಿ ತಿರುಗಿಸಿ ಮೂತಿಯನ್ನು ಎತ್ತಿಟ್ಟು, ಕಾರಿನ ಗುಂಡು ನೇರ ಅದರ ಕೆಳಗೆ ಬರುವ ಹಾಗೆ ಹಿಂದಕ್ಕೆ ತಂದು, ಮೂತಿ ಇಳಿಸಿದರೆ ಟಕ್ ಎಂದು ಕೂರುತ್ತದೆ. ಕೂತಿದೆಯಾ ಎಂದು ತಿಳಿಯಲು ಮತ್ತೆ ಸ್ವಲ್ಪ ಎತ್ತಿ ನೋಡಬೇಕು. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಕೂತಿದೆ ಎಂದರ್ಥ. ದಾರಿಯಲ್ಲಿ ಗಾಡಿ ಕಳಚಿಕೊಂಡರೆ ತಾನೇ ಬ್ರೇಕ್ ಎಳೆಯುವ ತೆಳು ಕೇಬಲ್ಲನ್ನು ಸಿಕ್ಕಿಸಲು ಮರೆಯಬಾರದು. ಆದರೆ ನೀನು ಒಬ್ಬಳೇ ಮಾಡುವ ಪ್ರಸಂಗ ಯಾಕೆ ಬರುತ್ತದೆ, ಭಾವ ಇದ್ದಾರಲ್ಲ.

ಇನ್ನೊಂದು ವಿಷಯ, ಮುಖ್ಯವಾದದ್ದು. ಆ ಮಾದರಿಯ ಗಾಡಿಗಳಲ್ಲಿ ಆಕ್ಸಲಿನ ಒಳಗೆ ಸ್ಪ್ರಿಂಗಿನ ಬದಲು ರಬ್ಬರು ಇರುತ್ತದೆ. ಇಷ್ಟು ವರ್ಷಕ್ಕೆ ಅದು ಕಲ್ಲಾಗಿರುತ್ತದೆ. ಆಕ್ಸಲ್ಲೇ ಬದಲಾಯಿಸಬೇಕು. ನಾನೇ ತರಿಸುತ್ತೇನೆ, ಚಳಿಗಾಲಕ್ಕೆ ಮುಂಚೆ ಸಿಗುವುದಿಲ್ಲ. ಅಲ್ಲಿಯವರೆಗೆ ದಯವಿಟ್ಟು ಚಕ್ರ ಹಾಕಬೇಡ.

ಭಾವನ ಮೇಲೆ ಅನುಮಾನ ಬೇಡ. ಅವರಿಗೆ ಹೊರಡುವ ಆಸೆ ಇದೆ. ನನಗೆ ಗೊತ್ತು.

ತಮ್ಮ


ಜೂನ್ 16

ತಮ್ಮನಿಗೆ,

ಚಕ್ರ ಹಾಕಿದೆ.

ಕುದುರೆಯಮ್ಮನಿಗೆ ನಿನ್ನ ಪತ್ರ ತೋರಿಸಿದೆ. ಅವಳ ಟ್ರೈಲರಿನಲ್ಲೂ ಅದೇ ತರಹದ ಆಕ್ಸಲ್ಲಂತೆ. ಕಲ್ಲಾಗಿದೆಯೋ ಇಲ್ಲವೋ ನೋಡಲು ಯಾರ ಅಪ್ಪಣೆಯೂ ಬೇಡ ಅಂದಳು. ಸ್ಟ್ಯಾಂಡಿನ ಮೇಲಿದ್ದಾಗ ಆಕ್ಸಲಿನ ತೋಳು ಕೆಳಗೆ ಇಳಿಬಿದ್ದಿತ್ತು. ಚಕ್ರ ಹಾಕಿ ನೆಲಕ್ಕಿಳಿಸಿದಾಗ ಮೇಲಕ್ಕೆ ಬಂದು ನಿಂತಿತು. ಒಳಗೆ ನೀರಿನ ಡ್ರಮ್ಮುಗಳನ್ನು ತುಂಬಿದೆವು, ಇನ್ನಷ್ಟು ಬಗ್ಗಿತು. ಖಾಲಿ ಮಾಡಿದೆವು, ಎದ್ದಿತು. ಕಲ್ಲು ಹೀಗೆ ಮಾಡುತ್ತದೆಯೇ?

ಚಕ್ರದ ಬ್ರೇಕ್ ಡ್ರಮ್ಮನ್ನೂ ಬಿಚ್ಚಿಸಿದೆ. ಬ್ರೇಕ್ ಶೂ ದಪ್ಪಗಿದೆ. ಬೇರಿಂಗ್ ಸದ್ದಿಲ್ಲದೆ ತಿರುಗುತ್ತದೆ. ಟೈರು ಹೊಸದು ಹಾಕಿಸಿದೆ. ಇವರು ಕುರ್ಚಿ ಹಾಕಿಕೊಂಡು ದೂರ ಕೂತಿದ್ದರು. ಬೇಡ ಎನ್ನಲಿಲ್ಲ. "ನಟ್ಟು ಎದುರುಬದುರು ಬಿಗಿ ಮಾಡು, ಸಾಲಾಗಿ ಮಾಡ್ಬೇಡ" ಅಂದರು, ಅಷ್ಟೇ. ಮುಖ ನನ್ನ ಕಡೆಗಿರಲಿಲ್ಲ. ಎಲ್ಲೋ ಪಕ್ಕಕ್ಕೆ ನೋಡುತ್ತಿದ್ದರು. ಇತ್ತೀಚೆಗೆ ಹಾಗೇ, ಮಾತಾಡುವಾಗ ನನ್ನ ಮುಖ ನೋಡುವುದೇ ಇಲ್ಲ. ನೋಡಬೇಡಿ, ಅಂದುಕೊಂಡೆ.

ಕೆಡದ ಆಕ್ಸಲನ್ನು ಕೆಟ್ಟಿದೆ ಎಂದು ಯಾಕೆ ಬರೆದೆ? ನಿನಗೆ ತಪ್ಪು ತಿಳಿವಳಿಕೆ ಎನ್ನಲು ನೀನು ಆ ಕೆಲಸದಲ್ಲೇ ಹುಟ್ಟಿದವನು. ಇವರು ಫೋನು ಮಾಡಿ ಹೇಳಿಸಿದರೇ? ನೀನು ನನ್ನ ತಮ್ಮನೋ, ಇವರ ಭಾವಮೈದುನನೋ?

ಇಪ್ಪತ್ತೈದಕ್ಕೆ ಇವರು ಪಿಂಚಣಿ ಆಫೀಸಿಗೆಂದು ಬಸ್ಸಿನಲ್ಲಿ ಪೇಟೆಗೆ ಹೋಗುತ್ತಾರೆ. ತಿಂಗಳಿಗೊಮ್ಮೆ ಹೋಗುವುದಿದೆ, ನನ್ನನ್ನು ಕರೆದುಕೊಂಡು ಹೋಗುವುದಿಲ್ಲ. ಹಿಂತಿರುಗುವುದು ಸಂಜೆ. ನಿನಗೆ ಹೇಳಲು ಏನಾದರೂ ಇದ್ದರೆ ಅಷ್ಟರೊಳಗೆ ಬರೆ.

ಅಕ್ಕ


ಜೂನ್ 20

ಅಕ್ಕನಿಗೆ,

ಅದು ಪಿಂಚಣಿ ಆಫೀಸಲ್ಲ. ಕಣ್ಣಾಸ್ಪತ್ರೆ.

ನೌಕರಿ ಬಿಟ್ಟದ್ದೂ ಅದಕ್ಕೇ. ಎರಡೂ ಕಣ್ಣಿನ ನಡುಭಾಗ ಹೋಗುತ್ತಿದೆ. ಅಂಚಿನಲ್ಲಿ ಕಾಣುತ್ತದೆ, ಓಡಾಡಲು ತೊಂದರೆಯಿಲ್ಲ. ನೇರ ನೋಡಿದ ಕಡೆ ಮಸಿ ಬಳಿದ ಹಾಗಂತೆ. ಅಕ್ಷರ ಕಾಣುವುದಿಲ್ಲ, ಬಣ್ಣ ತಿಳಿಯುವುದಿಲ್ಲ. ಪಕ್ಕಕ್ಕೆ ನೋಡುತ್ತಾರೆ ಎಂದೆಯಲ್ಲ, ಅವರು ಆಗಲೇ ನಿನ್ನನ್ನು ನೋಡುವುದು.

ನೀವು ಮನೆ ಮಾರಿದ ಮರುವಾರ ನನಗೆ ಫೋನು ಮಾಡಿದರು. "ಹೊರಡೋಣ ಅಂತ ಅವಳು ದಿನಾ ಕೇಳ್ತಾಳೆ ಕಣೋ. ಏನಾದ್ರೂ ರಿಪೇರಿ ಹೇಳು" ಅಂದರು. ನಾನು "ಅಕ್ಕನಿಗೆ ಹೇಳಿಬಿಡಿ ಭಾವ, ಅವಳೇ ಓಡಿಸ್ತಾಳೆ" ಅಂದೆ. "ಅದೇ ಬೇಡ ಅನ್ನೋದು. ಅಷ್ಟು ವರ್ಷ ಬಸ್ಸು ಓಡ್ಸಿ, ಅವಳ ಪಕ್ಕದಲ್ಲಿ ಸಾಮಾನಿನ ಥರ ಕೂತ್ಕೊಳ್ಳಾ? ನೀನು ಬಾಯಿ ಬಿಟ್ರೆ ನಾನೇ ಸ್ಟೇರಿಂಗ್ ಹಿಡಿದು ತೋರಿಸ್ತೀನಿ" ಅಂದರು. ಹಿಡಿಯುವವರೇ. ನಿನಗೂ ಗೊತ್ತು. ಹಾಗಾಗಿ ಪಂಪು ಎಂದೆ, ಚಾರ್ಜರ್ ಎಂದೆ, ಬಾಯಿಗೆ ಬಂದದ್ದೆಲ್ಲ ಎಂದೆ. ಗಾಡಿ ಸ್ಟ್ಯಾಂಡಿನ ಮೇಲಿರುವಷ್ಟು ದಿನ ನೀವಿಬ್ಬರೂ ಬದುಕಿರುತ್ತೀರಿ ಎಂಬ ಒಂದೇ ಲೆಕ್ಕ ನನ್ನದು.

ಈಗ ನೀನು ಎಳೆಯುವುದನ್ನೇ ಕಲಿತಿದ್ದೀಯ. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಅವರಿಗೆ ಗೊತ್ತಾಗದಂತೆ ಏನಾದರೂ ನೆಪ ಹೇಳಿ ಸ್ಟೇರಿಂಗ್ ನೀನೇ ತೆಗೆದುಕೋ. ಇಬ್ಬರೂ ಹೊರಡಿ, ಸಂತೋಷವಾಗಿ ಸುತ್ತಿ ಬನ್ನಿ. ನೀನು ಕೇಳಿದ್ದೂ ಅದನ್ನೇ ಅಲ್ಲವೇ? ಮೊದಲ ನಿಲುಗಡೆಯಲ್ಲಿ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡು. ಚಕ್ರದ ನಡುಭಾಗ ಮುಟ್ಟಿ ನೋಡು. ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ಫೋನು ಮಾಡು.

ತಮ್ಮ


ಆಗಸ್ಟ್ 2

ತಮ್ಮನಿಗೆ,

ಬೆಚ್ಚಗಿತ್ತು. ಸುಡಲಿಲ್ಲ.

ನಿನ್ನ ಪತ್ರ ಇಪ್ಪತ್ತೈದರ ಬೆಳಿಗ್ಗೆ ಬಂತು. ಆಗ ಗಾಡಿ ಕೊಂಡಿಗೆ ಬಿದ್ದಿತ್ತು, ನೀನು ಹೇಳಿಕೊಟ್ಟ ಹಾಗೆ ಎತ್ತಿ ನೋಡಿದ್ದೆ, ಕಾರಿನ ಹಿಂಭಾಗವೂ ಎದ್ದಿತ್ತು. ಇವರು ಪೇಟೆಗೆ ಹೋಗಿದ್ದರು. ಇವರ ಪೆಟ್ಟಿಗೆ ಗಾಡಿಯಲ್ಲಿರಲಿಲ್ಲ. ಮೈದಾನದ ಆಫೀಸಿನ ಹಿಂದೆ ಒಂದು ಕೋಣೆ ಮಾತಾಡಿ, ಹಾಸಿಗೆ ಹಾಕಿ, ಇವರ ಬಟ್ಟೆಗಳನ್ನು ಜೋಡಿಸಿಟ್ಟು ಬಂದಿದ್ದೆ. ಎಲ್ಲಿಗೆ ಹೊರಟಿದ್ದೆ ಎಂದು ಕೇಳಬೇಡ. ಒಬ್ಬಳೇ ಹೊರಟಿದ್ದೆ. ಅಂಚೆಯವನು ಕಾಲು ಗಂಟೆ ತಡಮಾಡಿದ್ದರೆ ನಿನ್ನ ಪತ್ರ ಆ ಕೋಣೆಯ ಬಾಗಿಲಡಿ ಬಿದ್ದಿರುತ್ತಿತ್ತು, ಓದಲಾಗದವರ ಕಾಲ ಕೆಳಗೆ.

ನಿನ್ನನ್ನು ಬೈಯುತ್ತಿಲ್ಲ. ನೀನು ಒಳ್ಳೆಯದನ್ನೇ ಬರೆದೆ. ಓದಿ, ಕಾರಿನ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತೆ. ಹೊರಡಿಸು ಎಂದು ಕೈಗೆ ಹೇಳಿದೆ. ಕೈ ಬೀಗದಕೈಯನ್ನು ಹೊರಕ್ಕೆಳೆಯಿತು. ಆಮೇಲೆ ಹೋಗಿ ಪೆಟ್ಟಿಗೆಯನ್ನು ವಾಪಸು ತಂದೆ.

ಸಂಜೆ ಇವರು ಬಂದು ಕೊಂಡಿಯನ್ನು ಕೈಯಿಂದ ತಡವಿದರು. "ಸಿಕ್ಕಿಸಿದೀಯಾ?" ಅಂದರು. "ಹೂಂ. ನಾಳೆ ಹೊರಡೋಣ. ನಂಗೆ ಓಡ್ಸೋ ಹುಚ್ಚು ಹಿಡಿದಿದೆ, ಸ್ವಲ್ಪ ದಿನ ಬಿಡಿ" ಅಂದೆ. ಕೊಂಡಿಯ ಮೇಲಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡರು. "ಸರಿ, ಒಂದು ದಿನದ ಮಟ್ಟಿಗೆ. ನನಗೂ ಭುಜ ನೋಯ್ತಿದೆ" ಅಂದರು. ಅಲ್ಲಿಂದ ಪ್ರತಿ ಬೆಳಿಗ್ಗೆ ಭುಜ ನೋಯುತ್ತದೆ. ನಾನು ಎಣ್ಣೆ ತಿಕ್ಕುತ್ತೇನೆ. ನನಗೆ ಗೊತ್ತಿದೆ ಎಂದು ಇವರಿಗೆ ಹೇಳಿಲ್ಲ. ಹೇಳಿದರೆ ಇವರಿಗೆ ಮಾಡಲು ಏನೂ ಉಳಿಯುವುದಿಲ್ಲ.

ಊರುಗಳು ಬರುತ್ತವೆ, ಹೋಗುತ್ತವೆ. ಕಿಟಕಿಗಳು ಕೊನೆಗೂ ತಮ್ಮ ಕೆಲಸ ಮಾಡುತ್ತಿವೆ. ನಾನು ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿರಬೇಕು, ಅಭ್ಯಾಸಕ್ಕೆ ಎಂಬಂತೆ: ಮುಂದೆ ಸೇತುವೆ, ಎಡಕ್ಕೆ ಗೋದಾಮು, ಲಾರಿ ನಮ್ಮನ್ನು ದಾಟಿ ಹೋಗುತ್ತಿದೆ. ಇವರು "ಗೊತ್ತು, ಗೊತ್ತು" ಅನ್ನುತ್ತಾರೆ. ಸುಮ್ಮನೆ ನೋಡಿಕೊಂಡು ಹೋದ ಒಂದು ಮರವೂ ನನಗಿಲ್ಲ. ನಿಂತಿದ್ದಾಗ ಬಟ್ಟೆ ಒಗೆಯುವ ಕೋಣೆಯ ಬೆಂಚಾದರೂ ಇತ್ತು.

ನಿನ್ನೆ ಹೊಸ ಮೈದಾನಕ್ಕೆ ಬಂದೆವು. ಎರಡು ಗಾಡಿಗಳ ನಡುವೆ ಇಕ್ಕಟ್ಟಿನ ಜಾಗ, ಹಿಂದೆ ಗೋಡೆ. ಹಿಂದಕ್ಕೆ ತರಬೇಕಿತ್ತು. ಇವರು ನಾನು ಬೇಡವೆನ್ನುವ ಮೊದಲೇ ಇಳಿದು ಹೋಗಿ ಗಾಡಿಯ ಹಿಂದೆ, ಗೋಡೆಗೂ ಗಾಡಿಗೂ ನಡುವೆ ನಿಂತರು. ಇಷ್ಟು ವರ್ಷ ಕಂಡಕ್ಟರುಗಳು ಇವರಿಗೆ ಕೂಗುತ್ತಿದ್ದ ಹಾಗೆ ಗಾಡಿಯ ಬೆನ್ನನ್ನು ಅಂಗೈಯಿಂದ ಬಡಿಯುತ್ತ ಕೂಗಿದರು.

"ಬರ್ಲಿ, ಬರ್ಲಿ... ಎಡಕ್ಕೆ ಹೊಡಿ... ಬರ್ಲಿ!"

ಬಲಕ್ಕೆ ಹೊಡೆಯಬೇಕಿತ್ತು. ಬಲಕ್ಕೇ ಹೊಡೆದೆ. ಎಡಗನ್ನಡಿಯಲ್ಲಿ ಇವರ ಒಂದು ತೋಳು, ಅರ್ಧ ಮುಖ ಕಾಣುತ್ತಿತ್ತು. ಮುಖ ಪಕ್ಕಕ್ಕೆ ತಿರುಗಿತ್ತು. ಪಕ್ಕದ ಗಾಡಿಯವರು ನಿಂತು ನೋಡುತ್ತಿದ್ದರು. ಇವರ ಎದೆ ಉಬ್ಬಿತ್ತು. ನಾನು ಗೋಡೆಯನ್ನು ನೋಡಲಿಲ್ಲ, ಜಾಗವನ್ನು ನೋಡಲಿಲ್ಲ. ಆ ತೋಳು ಕನ್ನಡಿಯಿಂದ ಜಾರದ ಹಾಗೆ ಇಂಚಿಂಚೇ ಹಿಂದಕ್ಕೆ ತಂದೆ, ನಿಲ್ಲಿಸಿದೆ.

ನಿಲ್ಲಿಸಿದ ಮೇಲೂ ಇವರು ಕೂಗುತ್ತಿದ್ದರು, "ಬರ್ಲಿ, ಬರ್ಲಿ." ಆಮೇಲೆ ಒಮ್ಮೆಗೇ, "ಹೋಲ್ಡಾನ್!"

ಇವರಿಗೆ ಕೇಳಿಸುವ ಹಾಗೆ ಇನ್ನೊಮ್ಮೆ ಬ್ರೇಕ್ ತುಳಿದೆ.

ಅಕ್ಕ